ಬೆಟ್ಟ ಅಗೆದು ಬಂಗುಡೆ

ದೋಹಾದ ಒಂದು ಮಾಲ್ ಒಳಗೆ ಬೆಟ್ಟ ಉಂಟು. ಎತ್ತರ ನಾಲ್ಕು ಮಾಳಿಗೆ, ಜಂಬ ಹಿಮಾಲಯದಷ್ಟು. ಹೊರಗೆ ನಲವತ್ತೇಳು ಡಿಗ್ರಿ, ಒಳಗೆ ಮೈನಸ್ ನಾಲ್ಕು. ಜನ ಟಿಕೆಟ್ ತೆಗೆದು ನಡುಗ್ತಾರೆ, ಸ್ಕೀ ಕಟ್ಟಿಕೊಂಡು ಜಾರ್ತಾರೆ, ಬಿದ್ದದ್ದನ್ನು ಬಿಟ್ಟು ಉಳಿದದ್ದನ್ನು ಇನ್‌ಸ್ಟಾಗ್ರಾಮಿಗೆ ಹಾಕ್ತಾರೆ.

ಈ ಬೆಟ್ಟಕ್ಕೊಬ್ಬರು ಮ್ಯಾನೇಜರ್, ಪೃಥ್ವಿರಾಜ್. ಹೆಸರಲ್ಲಿ ಇಡೀ ಪೃಥ್ವಿ ಇದ್ದರೂ ಅವರು ಕಂಡ ನಿಜವಾದ ಬೆಟ್ಟ ಒಂದೇ, ಶಿರಾಡಿ ಘಾಟಿ. ಅದೂ ಬಸ್ಸಿನ ಕಿಟಕಿಯಿಂದ ತಲೆ ಹೊರಗೆ ಹಾಕಿ ವಾಂತಿ ಮಾಡುವಾಗ. ಸಾಲದ್ದಕ್ಕೆ ಊರವರ ಸಂಘದ ಅಧ್ಯಕ್ಷರು ಬೇರೆ. ಮೈಕ್ ಕಂಡರೆ ಕರಗ್ತಾರೆ, ಕೆಲಸ ಕಂಡರೆ ಹೆಪ್ಪುಗಟ್ತಾರೆ.

ಬೆಟ್ಟವನ್ನು ತಣ್ಣಗೆ ಇಡುವವ ಊರಾಚೆಯ ಐನ್ ಖಾಲಿದ್‌ನಿಂದ ದಿನಾ ಬರುವ ಕೂಲಿಂಗ್ ಟೆಕ್ನಿಷಿಯನ್ ತಾರಾನಾಥ. ಪ್ರತಿ ಬೇಸಗೆ ಹಿಮ ಕರಗಿಸಿ, ನೆಲದಡಿಯ ಪೈಪು ನೋಡಿ, ಲಿಫ್ಟಿನ ರೋಪಿಗೆ ಗ್ರೀಸ್ ಹಚ್ಚಿ, ಪುನಃ ಹಿಮ ಸುರಿಸಬೇಕು. ಹಾಗಾಗಿ ನಾಲ್ಕು ವರ್ಷದಿಂದ ಅವನಿಗೆ ಬೇಸಗೆ ರಜೆ ಇಲ್ಲ. ಆದರೆ ಈ ಭಾನುವಾರ ಸುರತ್ಕಲ್‌ನಲ್ಲಿ ಮಗಳು ಅಕ್ಷಯಾಳ ನಿಶ್ಚಿತಾರ್ಥ. ಮುಂದೆ ಹಾಕುವ ಹಾಗಿಲ್ಲ. ಮರುವಾರ ತುಳುವರ ಆಟಿ ತಿಂಗಳು ಶುರು, ಆಟಿಯಲ್ಲಿ ಶುಭಕಾರ್ಯ ಇಲ್ಲ. ಶುಕ್ರವಾರ ವಿಮಾನ. ಲೀವ್ ಫಾರ್ಮ್ ಮೂರು ವಾರದಿಂದ ಪೃಥ್ವಿರಾಜರ ಮೇಜಿನ ಮೇಲೆ ಸ್ಕೀ ಆಡ್ತಾ ಉಂಟು.

"ಬೆಟ್ಟ ರೆಡಿ ಆಗ್ಲಿ ಮಾರಾಯ, ಸೈನ್ ಮಾಡ್ತೇನೆ."

ಊರಿಂದ ಹೆಂಡತಿ ಪ್ರೇಮಾವತಿಯ ಫೋನು: "ನಿಮಗೆ ಆ ಬೆಟ್ಟವೇ ಮಗಳಾದ್ರೆ, ಅದಕ್ಕೇ ಒಂದು ಗಂಡು ನೋಡಿ!"

ಈ ಸಲ ಮಕ್ಕಳ ಇಳಿಜಾರನ್ನು ಮಾತ್ರ ಕರಗಿಸುವ ಪ್ಲಾನ್ ಇತ್ತು. ಆದರೆ ಸೋಮವಾರ ದೊಡ್ಡ ಇಳಿಜಾರಿನ ಅಡಿಯಲ್ಲೂ ಪೈಪು ಸೋರುವುದು ಕಂಡಿತು. 'ಸರ್, ದೊಡ್ಡದನ್ನೂ ಕರಗಿಸಬೇಕು' ಅಂತ ತಾರಾನಾಥ ವಾಟ್ಸ್ಯಾಪ್ ಮಾಡಿದ. ದುಖಾನ್ ಬೀಚಿನಲ್ಲಿ ಸಂಘದ ಪಿಕ್‌ನಿಕ್ ಮಾಡ್ತಿದ್ದ ಸಾಹೇಬರು ಓದದೆಯೇ ಹೆಬ್ಬೆರಳಿನ ಚಿತ್ರ ಕಳಿಸಿದರು. ಮುಂಚೆ ಓದಲು ಬಾರದವರು ಹೆಬ್ಬೆಟ್ಟು ಒತ್ತುತ್ತಿದ್ದರು. ಈಗ ಎಂಬಿಎ ಮಾಡಿದವರು ಒತ್ತುತ್ತಾರೆ.

ಕೂಲಿಂಗ್ ಬಂದ್ ಆಯಿತು. ಗುರುವಾರ ಬೆಳಿಗ್ಗೆ ಬೆಟ್ಟ ನಾರತೊಡಗಿತು. ಸಾಧಾರಣ ನಾತ ಅಲ್ಲ. ಕೆಳಗಿನ ಅತ್ತರ್ ಅಂಗಡಿಯವ ಸೋತು ಬಾಗಿಲು ಹಾಕಿದ.

ಮಾಲಿನ ಸೇಫ್ಟಿ ಆಫೀಸರ್ ಅಫ್ರಾ ಮೂಗು ಮುಚ್ಚಿಕೊಂಡು ಬಂದಳು. ದೋಹಾದ ಅಲ್ ಥುಮಾಮಾದಲ್ಲೇ ಬೆಳೆದ ಬ್ಯಾರಿ ಮನೆಯ ಹುಡುಗಿ. ಕನ್ನಡ ಕೇಳಿದರೆ ಅರ್ಥ ಆಗ್ತದೆ, ಅಕ್ಷರ ಮಾತ್ರ ಮಾಫಿ, ಓದಲು ಬಾರದು.

"ಗ್ಯಾಸ್ ಲೀಕ್, ಮೇಡಂ!" ಪೃಥ್ವಿರಾಜ್ ಬೆರಳು ತೋರಿಸಿದರು. "ಎಲ್ಲ ಈ ತಾರಾನಾಥನ ಕೆಲಸ. ಅವನಿಗೆ ಊರಿನದ್ದೇ ಧ್ಯಾನ."

"ಗ್ಯಾಸ್ ಲೀಕ್ ಆದ್ರೆ ಎನ್‌ಕ್ವಯರಿ," ಅಂದಳು ಅಫ್ರಾ. "ಅಂಕಲ್, ನಿಮ್ಮ ಟ್ರಾವೆಲ್ ಖಲಾಸ್."

ತಾರಾನಾಥನ ಎದೆ ಮೈನಸ್ ನಾಲ್ಕಕ್ಕೆ ಇಳಿಯಿತು. "ಗ್ಯಾಸಿಗೆ ಹೀಗೆ ವಾಸನೆ ಇಲ್ಲ ಮೇಡಂ. ಚನಿಯಣ್ಣ, ಯಲ್ಲಾ, ಬೇಗ ಅಗೆ!"

ಇಪ್ಪತ್ತು ವರ್ಷದಿಂದ ಇಲ್ಲಿ ಸಲಿಕೆ ಹಿಡಿದ ಪುತ್ತೂರಿನ ಚನಿಯ ಕೆಸರು ಹಿಮ ಎಳೆದು ಎಳೆದು ಲಿಫ್ಟಿನ ಎರಡನೇ ಕಂಬದ ಬುಡದಲ್ಲಿ ನಿಂತ. ಸಾಲಾಗಿ ಥರ್ಮಾಕೋಲ್ ಪೆಟ್ಟಿಗೆ. ಒಂದನ್ನು ತೆರೆದು, ಒಳಗೆ ನೋಡಿ, ತಲೆಯ ಟೋಪಿ ತೆಗೆದ.

"ಬೆಟ್ಟ ಅಗೆದು ಇಲಿ ಹಿಡಿದದ್ದು ಕೇಳಿದ್ದೆ, ತಾರಣ್ಣ. ಇದು ಬಂಗುಡೆ."

ಊರಲ್ಲಿ ಮಳೆಗಾಲಕ್ಕೆ ಬೋಟು ದಡ ಸೇರ್ತದೆ, ಮೀನು ಸಿಗುವುದಿಲ್ಲ, ಹಾಗಾಗಿ ಮುಂಚೆಯೇ ಕೂಡಿಡುವುದು ನಮ್ಮವರ ಕ್ರಮ. ದೋಹಾದಲ್ಲಿ ಮಳೆಗಾಲವೂ ಇಲ್ಲ, ಮಾರ್ಕೆಟಿನಲ್ಲಿ ಮೀನಿಗೆ ಬರವೂ ಇಲ್ಲ. ಆದರೂ ಯಾರೋ ಪುಣ್ಯಾತ್ಮರು ಆಟಿಯ ಊಟಕ್ಕೆ ಜೂನ್‌ನಲ್ಲೇ ಬಂಗುಡೆ ಹೂತಿದ್ದರು.

ಪೃಥ್ವಿರಾಜರ ಮುಖ ಬಂಗುಡೆಯ ಹೊಟ್ಟೆಯ ಹಾಗೆ ಬೆಳ್ಳಗಾಯಿತು. ಮುಚ್ಚಳದ ಮೇಲೆ ದಪ್ಪ ಮಾರ್ಕರಿನಲ್ಲಿ ಕನ್ನಡ ಬರಹ.

"ಎಂಥ ಬರ್ದದ್ದು?" ಅಫ್ರಾಳಿಗೆ ವಾಕರಿಕೆ ಬಂತು. "ತಡೀರಿ, ಮಾಸ್ಕ್ ತರ್ತೇನೆ. ಬಂದ ಮೇಲೆ ಓದಿ ಹೇಳಿ, ತಾರಾನಾಥ ಅಂಕಲ್." ಅವಳು ಓಡಿದಳು.

ಅವಳ ಬೆನ್ನು ಮರೆಯಾದದ್ದೇ ತಡ, ಪೃಥ್ವಿರಾಜ್ ತಾರಾನಾಥನ ಕೈ ಹಿಡಿದರು. "ನೀನು ನನ್ನ ತಮ್ಮನ ಹಾಗೆ ಮಾರಾಯ."

"ಈಗಷ್ಟೇ ಗ್ಯಾಸ್ ಲೀಕ್ ಆಗಿದ್ದೆ, ಸರ್."

"ಬಾಯಿ ತಪ್ಪಿತು. ನಿನ್ನ ಲೀವ್ ಫಾರ್ಮ್? ಇಲ್ಲೇ ಉಂಟು ನೋಡು, ಬೆಳಿಗ್ಗೆಯೇ ಫೈಲಿಗೆ ಹಾಕಿ ತಂದೆ! ಮಗಳ ನಿಶ್ಚಿತಾರ್ಥ ಅಲ್ವಾ? ಹೋಗ್ಲೇಬೇಕು, ಮಾರಾಯ!" ಮೂರು ವಾರ ಸಿಗದ ಪೆನ್ನು ಮೂರು ಸೆಕೆಂಡಿನಲ್ಲಿ ಸಿಕ್ಕಿತು. ಚನಿಯನ ಬೆನ್ನೇ ಮೇಜಾಯಿತು. ಸೈನು, ಸೀಲು, ತಾರೀಕು.

ತಾರಾನಾಥ ಫಾರ್ಮನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟು, ಜೇಬಿನ ಗುಂಡಿ ಹಾಕಿದ. ಮಾಸ್ಕ್ ಹಾಕಿ ಅಫ್ರಾ ಬಂದಳು.

"ಹೇಳಿ ಅಂಕಲ್."

ತಾರಾನಾಥ ಮುಚ್ಚಳವನ್ನು ದೂರ ಹಿಡಿದು, ಸಂಘದ ಸ್ವಾಗತ ಭಾಷಣದ ಧಾಟಿಯಲ್ಲಿ ಓದಿದ: "ಆಟಿ ಕೂಟ. ಬಂಗುಡೆ. ಅಧ್ಯಕ್ಷ ಪೃಥ್ವಿರಾಜರ ಅಪ್ಪಣೆ ಇಲ್ಲದೆ ಯಾರೂ ಮುಟ್ಟಬಾರದು."

ಅಫ್ರಾ ನೋಟ್‌ಪುಸ್ತಕ ಬಿಡಿಸಿದಳು.

"ದ್ರೋಹಿ!" ಪೃಥ್ವಿರಾಜ್ ಹಲ್ಲು ಕಡಿದರು. "ಸೈನ್ ಮಾಡಿಸಿಕೊಂಡು ಓದಿದೆಯಲ್ಲ!"

"ಓದುವುದಿಲ್ಲ ಅಂತ ನಾನು ಹೇಳ್ಲೇ ಇಲ್ಲ, ಸರ್. ನೀವು ಓದದೆ ಸೈನ್ ಮಾಡುವವರು, ನಾನು ಸೈನ್ ಆದ ಮೇಲೆ ಓದುವವ." ತಾರಾನಾಥ ಚನಿಯನ ಕೈಯಿಂದ ಸಲಿಕೆ ತೆಗೆದು ಮೌಂಟನ್ ಮ್ಯಾನೇಜರರ ಕೈಗೆ ಕೊಟ್ಟ. "ಇನ್ನೂ ಏಳು ಪೆಟ್ಟಿಗೆ ಉಂಟು. ನಿಮ್ಮ ಅಪ್ಪಣೆ ಇಲ್ಲದೆ ನಾವು ಮುಟ್ಟುವ ಹಾಗಿಲ್ಲ."