ಬಲಗೈಯ ಗವಸು

ಈ ಕತೆಯನ್ನು ಮೊದಲು ಹೇಳಿದವರು, ಮನೆಮನೆಗೆ ಔಷಧಿ ಮುಟ್ಟಿಸುವ ಕಂಪನಿಯೊಂದರ ಉಗ್ರಾಣವನ್ನು ಹದಿನೆಂಟು ವರ್ಷ ನೋಡಿಕೊಂಡ ಹೆಂಗಸು. ಹೇಳಿದ್ದು ನಾಲ್ಕು ಮಳೆಗಾಲಗಳ ಹಿಂದೆ, ಒಂದು ಸಂಜೆ. ಪಾಳಿ ಮುಗಿದರೂ ಮಳೆ ಬಿಡದೆ ಸವಾರರೆಲ್ಲ ಬೈಕು ನಿಲ್ಲಿಸುವ ತಗಡಿನ ಮಾಡಿನಡಿ ಸಿಕ್ಕಿಬಿದ್ದಿದ್ದಾಗ. ಆಮೇಲೆ ಇದು ಇನ್ನೂ ಮೂವರ ಬಾಯಲ್ಲಿ ಕೇಳಸಿಕ್ಕಿತು. ಮಾತು ಬೇರೆಯಾಗುವ ಕಡೆಯಲ್ಲೆಲ್ಲ ಉಗ್ರಾಣದ ಹೆಂಗಸು ಹೇಳಿದ್ದನ್ನೇ ಇಲ್ಲಿ ಉಳಿಸಿಕೊಂಡಿದೆ, ಏಕೆಂದರೆ ನಡೆದಾಗ ಆಕೆ ಮ್ಯಾನೇಜರ ಕೋಣೆಯಲ್ಲೇ ಇದ್ದರು.

ಕಂಪನಿಯಲ್ಲಿ ನಲವತ್ತು ಸವಾರರು. ಅವರಲ್ಲಿ ಎಲ್ಲರಿಗಿಂತ ಹಳಬಳನ್ನು ಸಿಡಿಲಕ್ಕ ಎಂದು ಕರೆಯುತ್ತಿದ್ದರು. ಹೆಸರಿಗೆ ಮೋಸವಿಲ್ಲದಂತೆ ಸಿಟ್ಟಿನ ಮಾತಿನಿಂದ ಬಡಿಯುವವಳು. ಆದರೆ ಮೂರು ವಾರಗಳಿಂದ ಅವಳು ಯಾರ ಮೇಲೂ ಸಿಡಿದಿರಲಿಲ್ಲ. ಹಲ್ಲು ಕಚ್ಚಿಕೊಂಡು ಬರುವುದು, ಹಲ್ಲು ಕಚ್ಚಿಕೊಂಡು ಹೋಗುವುದು. ಅದನ್ನು ಕಂಡವರಿಗೆ ಇನ್ನೂ ಹೆಚ್ಚು ಭಯವಾಗುತ್ತಿತ್ತು.

ಮೂರು ವಾರಗಳ ಹಿಂದೆ ಅವಳ ತಮ್ಮ, ಅದೇ ಕಂಪನಿಯ ಸವಾರ, ಮಳೆಯಲ್ಲಿ ತಿರುವೊಂದರಲ್ಲಿ ಬೈಕು ಜಾರಿ ಬಿದ್ದಿದ್ದ. ಎಡಗೈಗೆ ಗವಸಿತ್ತು, ಗೀರೂ ಬೀಳಲಿಲ್ಲ. ಬಲಗೈ ಬರಿದಾಗಿತ್ತು, ರಸ್ತೆ ಅಂಗೈಯನ್ನು ಸುಲಿದು ಹಾಕಿತು. ತೊಡೆಯ ಚರ್ಮ ತೆಗೆದು ಅಂಗೈಗೆ ಹೊಲಿದರೂ ಬೆರಳುಗಳು ಪೂರ್ತಿ ಮಡಚುತ್ತಿರಲಿಲ್ಲ. ಇನ್ನು ಅವನಿಗೆ ಬೈಕು ಇಲ್ಲ. ಪೊಟ್ಟಣಗಳಿಗೆ ಚೀಟಿ ಅಂಟಿಸುವ ಕೌಂಟರಿನಲ್ಲಿ ಒಂದು ಜಾಗ ಖಾಲಿಯಿತ್ತು. ಕೆಲಸದ ಮೇಲೆ ಕೈಕಾಲು ಕೆಟ್ಟವರಿಗೆ ಅದು ಸಲ್ಲಬೇಕೆಂದು ಕಂಪನಿಯೇ ಮಾಡಿದ ನಿಯಮ. ಆದರೆ ಮ್ಯಾನೇಜರು ಬರೆದ ಪತ್ರ ಬೇರೆಯೇ ಹೇಳಿತು: ಗವಸು ಚೀಲದಲ್ಲಿದ್ದೂ ಧರಿಸದ ಅಜಾಗರೂಕತೆ, ತಪ್ಪು ಸವಾರನದೇ, ಜಾಗ ಕೊಡಲಾಗದು.

ಸಿಡಿಲಕ್ಕನ ಸಿಟ್ಟು ಪತ್ರದ ಮೇಲೆ ಮಾತ್ರವಲ್ಲ, ತನ್ನ ಮೇಲೂ. ಬಲಗೈ ಗವಸನ್ನು ಚೀಲಕ್ಕೆ ಹಾಕಿಕೊಳ್ಳಲು ಅವನಿಗೆ ಕಲಿಸಿದವಳು ಅವಳೇ. ಪ್ರತಿ ಬಾಗಿಲಲ್ಲೂ ಫೋನು ಒತ್ತಲು, ಸಹಿ ಹಾಕಿಸಲು ಬಲಗೈ ಗವಸು ತೆಗೆಯಬೇಕು. ಬಿಸಿಲಾದರೆ ಕೈ ಬೆವರಿರುತ್ತದೆ, ಮಳೆಯಾದರೆ ನೆನೆದಿರುತ್ತದೆ. ಎಳೆದಾಗ ಬೆರಳಿಗಂಟಿದ ಒಳಪದರವೂ ಕರುಳಿನ ಹಾಗೆ ಹೊರಗೆ ಬಂದುಬಿಡುತ್ತದೆ. ಮತ್ತೆ ತೂರಿಸಹೋದರೆ ಎರಡು ಬೆರಳು ಒಂದೇ ಸಂದಿನಲ್ಲಿ ಸಿಕ್ಕಿಕೊಂಡು, ಕಿರುಬೆರಳಿಗೆ ಮನೆಯೇ ಇರುವುದಿಲ್ಲ. ದಿನಕ್ಕೆ ನಲವತ್ತು ಬಾಗಿಲು. ಹಾಗಾಗಿ ಹಳಬರು ಹೊಸಬರಿಗೆ ಹೇಳಿಕೊಡುವ ಮೊದಲ ಪಾಠವೇ ಇದು: ಬಲಗೈದು ಚೀಲಕ್ಕೆ, ಎಡಗೈದು ಕೈಗೆ. ಇದನ್ನು ಮೇಲಿನವರಿಗೆ ಯಾರೂ ಹೇಳಿರಲಿಲ್ಲ. ಹೇಳಿದರೆ ನಿಯಮ ಮುರಿದವರು ತಾವೇ ಆಗುತ್ತೇವೆಂಬ ಅಂಜಿಕೆ.

ಆಸ್ಪತ್ರೆಯ ಮಂಚದ ಮೇಲೆ ತಮ್ಮ ಪಿಸುಗುಟ್ಟಿದ್ದ: "ಅಕ್ಕ, ನೀನು ಹೇಳ್ಕೊಟ್ಟಿದ್ದು ಅಂತ ನಾನು ಯಾರ ಹತ್ರನೂ ಬಾಯಿ ಬಿಟ್ಟಿಲ್ಲ ಕಣೆ. ನಿನ್ನ ಕೆಲಸಾನಾದ್ರೂ ಉಳೀಲಿ."

ಅವನು ಬೈದಿದ್ದರೆ ಅವಳು ಅತ್ತು ಹಗುರಾಗುತ್ತಿದ್ದಳೋ ಏನೋ.

ಹೀಗಿರುವಾಗ ಒಂದು ಬೆಳಿಗ್ಗೆ ಮ್ಯಾನೇಜರು ಅವಳನ್ನು ಕೋಣೆಗೆ ಕರೆಸಿದ. ಉಗ್ರಾಣದ ಹೆಂಗಸು ಮೂಲೆಯಲ್ಲಿ ಪೆಟ್ಟಿಗೆ ಹಿಡಿದು ನಿಂತಿದ್ದರು. ಮೇಜಿನ ಮೇಲೆ ಮೂರು ಜೊತೆ ಗವಸುಗಳು: ಕಪ್ಪು, ಕೆಂಪು, ನೀಲಿ.

"ಬನ್ನಿ, ಬನ್ನಿ. ನಮ್ಮ ಸವಾರರ ಸುರಕ್ಷತೆ ನಮಗೆ ಮುಖ್ಯ. ಹಿರಿಯರು ನೀವು, ನೀವೇ ಆರಿಸಿ," ಎಂದ.

ಸಿಡಿಲಕ್ಕ ಕಪ್ಪನ್ನು ತಿರುಗಿಸಿ ನೋಡಿದಳು. ಕೆಂಪಿನೊಳಗೆ ಬೆರಳು ಹಾಕಿ ಒಳಪದರವನ್ನು ಚಿವುಟಿ ನೋಡಿದಳು. ನೀಲಿಯ ಅಂಗೈ ತಡವಿದಳು. ಅದೇ ತೆಳು ಅಂಗೈ, ಹೊಲಿಗೆಯಿಲ್ಲದೆ ಸಡಿಲ ಬಿಟ್ಟ ಅದೇ ಪದರ.

"ಮೂರೂ ಒಂದೇ ಅಲ್ವಾ ಸಾರ್?"

"ಬಣ್ಣ ಬೇರೆ ಇದೆಯಲ್ಲಮ್ಮ."

"ಬಿಸಿಲಿಗೆ ಯಾವುದು, ಮಳೆಗೆ ಯಾವುದು, ಚಳಿಗೆ ಯಾವುದು?"

"ಎಲ್ಲ ಹವೆಗೂ ಇದೊಂದೇ. ಪೆಟ್ಟಿಗೆ ಮೇಲೇ ಬರ್ದಿದೆ. ಇಲ್ಲೊಂದು ಸಹಿ ಹಾಕಿಬಿಡಿ."

ಕಾಗದದಲ್ಲಿದ್ದದ್ದು ಎರಡೇ ಸಾಲು. ಈವರೆಗೆ ಕೊಟ್ಟ ಗವಸುಗಳು ಎಲ್ಲ ಹವೆಗೂ ಯೋಗ್ಯವಾಗಿದ್ದವು. ಇನ್ನು ಮುಂದೆಯೂ ಅವೇ ಸಾಕು. ಆ ಸಹಿ ಬಿದ್ದರೆ ತಪ್ಪು ತಮ್ಮನದೆಂದ ಪತ್ರಕ್ಕೆ ಅಕ್ಕನೇ ಮೊಳೆ ಹೊಡೆದ ಹಾಗೆ. ಸಿಡಿಲಕ್ಕ ಪೆನ್ನು ಕೆಳಗಿಟ್ಟಳು.

"ಉಗ್ರಾಣದಕ್ಕ, ನೆಲ ಒರೆಸೋ ಬಕೆಟ್ಟಲ್ಲಿ ಅರ್ಧ ನೀರು ತನ್ನಿ."

ಉಗ್ರಾಣದ ಹೆಂಗಸು ಮ್ಯಾನೇಜರ ಮುಖ ನೋಡಲಿಲ್ಲ; ಹೋಗಿ ನೀರು ತಂದರು. ಅಷ್ಟರಲ್ಲಿ ಬೆಳಗಿನ ಪಾಳಿಯವರು ಬಾಗಿಲಿಗೆ ಮುತ್ತಿಕೊಂಡಿದ್ದರು.

"ಹಾಕ್ಕೊಳಿ ಸಾರ್. ಕಪ್ಪೋ ಕೆಂಪೋ, ನಿಮಗೆ ಒಪ್ಪೋ ಬಣ್ಣ."

"ಇದೇನು ತಮಾಷೆ?"

"ತಮಾಷೆ ಆಗಿದ್ರೆ ನಗ್ತಿದ್ದೆ. ಹಾಕ್ಕೊಂಡು ಮುಳುಗ್ಸಿ. ಹಾಂ. ಈಗ ಬಾಗಿಲು ತಟ್ಟಿದ್ರಿ, ಒಳಗೆ ರೋಗಿ ಕಾಯ್ತಿದ್ದಾನೆ. ಬಲಗೈದು ತೆಗೀರಿ, ಫೋನು ಒತ್ತಿ. ಮತ್ತೆ ಹಾಕ್ಕೊಳಿ."

ಬಾಗಿಲಲ್ಲಿ ಅಷ್ಟು ಕಣ್ಣುಗಳಿರುವಾಗ ಒಲ್ಲೆನೆನ್ನಲು ಮ್ಯಾನೇಜರಿಗೆ ಮರ್ಯಾದೆ ಅಡ್ಡ ಬಂತು. ಎಳೆದ. ಗವಸಿನ ಜೊತೆಗೆ ಒಳಪದರವೂ ಜೋತುಬಿತ್ತು. ತೂರಿಸಿದ, ತಿರುವಿದ, ಊದಿದ; ಕೊನೆಗೆ ಹಲ್ಲಿನಿಂದಲೂ ಕಚ್ಚಿ ಎಳೆದ.

"ಸಾರ್, ಕಿರುಬೆರಳು ಮನೆ ಹುಡುಕ್ತಾ ಇದೆ," ಎಂದಿತು ಬಾಗಿಲ ಕಡೆಯಿಂದ ಒಂದು ದನಿ. ನಗೆ ಎದ್ದು ಅಲ್ಲೇ ಅಡಗಿತು, ಏಕೆಂದರೆ ಸಿಡಿಲಕ್ಕ ನಕ್ಕಿರಲಿಲ್ಲ.

ಮೂರನೆಯ ಸಲವೂ ಆಗದೆ ಹೋದಾಗ ಮ್ಯಾನೇಜರು ಗವಸನ್ನು ಗೋಡೆಗೆ ಬೀಸಿ ಒಗೆದ. ನೀರು ಸಿಡಿದು ಕಾಗದವೆಲ್ಲ ಒದ್ದೆಯಾಯಿತು.

ಆಗ ಬಡಿಯಿತು ಸಿಡಿಲು.

"ನೀವು ಒಗೆದ್ರಿ! ಮೂರು ಸಲಕ್ಕೇ ಒಗೆದ್ರಿ! ನನ್ನ ತಮ್ಮ ಒಗೀಲಿಲ್ಲ ಸಾರ್. ಕಂಪನಿ ಸಾಮಾನು ಅಂತ ಮಡಚಿ ಚೀಲದಲ್ಲಿಟ್ಕೊಂಡ. ಅದಕ್ಕೆ ನೀವಿಟ್ಟ ಹೆಸರು ಅಜಾಗರೂಕತೆ! ಈಗ ನೀವು ಮಾಡಿದ್ದಕ್ಕೆ ಏನು ಹೆಸರು, ಅದನ್ನೂ ಬರೀರಿ!"

"ದನಿ ತಗ್ಗಿಸಿ. ಒಬ್ಬ ಹಾಕ್ಕೊಳ್ಳಲಿಲ್ಲ ಅಂದ್ರೆ ಅದು ಅವನ ತಪ್ಪು. ಮಿಕ್ಕವರು ಹಾಕ್ಕೊಳ್ತಿಲ್ವಾ?"

ಮುಂದಿನ ಮಾತು ಅವಳ ಅನ್ನದ ಮೇಲಿನ ಮಾತು. ಅವಳ ತಮ್ಮನು ನೋವು ನುಂಗಿಕೊಂಡು ಕಾಪಾಡಿದ್ದ ಮಾತು. ಸಿಡಿಲಕ್ಕ ಎರಡೂ ಕೈ ನೀಡಿ ಮೇಜಿನ ಮೇಲೆ ಊರಿದಳು. ಎಡಗೈ ಮಣಿಕಟ್ಟಿನಿಂದಾಚೆಗೆ ಬಿಸಿಲು ಕಾಣದ ಬಿಳಿಚು ಬಣ್ಣ. ಬಲಗೈ ಸುಟ್ಟು ಕಪ್ಪಾಗಿ, ಗೆಣ್ಣು ಒಡೆದು, ಬೇರೆ ಯಾರದೋ ಕೈಯಂತಿತ್ತು.

"ಹನ್ನೊಂದು ವರ್ಷದಿಂದ ನಾನು ಬಲಗೈಗೆ ಹಾಕಿಲ್ಲ. ನನ್ನ ತಮ್ಮಂಗೂ ನಾನೇ ಹೇಳ್ಕೊಟ್ಟಿದ್ದು. ಬರ್ಕೊಳಿ ಬೇಕಾದ್ರೆ. ಬಣ್ಣ ಆರ್ಸಿ ಅಂದ್ರಲ್ಲ, ಇಲ್ಲಿದೆ ಬಣ್ಣ, ನೋಡಿ!"

ಮೊದಲು ಒಳಗೆ ಬಂದವನು ಉದ್ದನೆಯ ಸವಾರನೊಬ್ಬ, ಎಲ್ಲರೂ ಏಣಿ ಎಂದು ಕರೆಯುತ್ತಿದ್ದವನು. ಸಿಡಿಲಕ್ಕನ ಪಕ್ಕದಲ್ಲಿ ತನ್ನೆರಡು ಕೈ ಊರಿದ: ಒಂದು ಬಿಳಿ, ಒಂದು ಕಪ್ಪು. ಅವನ ಹಿಂದೆ ಇನ್ನೊಬ್ಬ. ಆಮೇಲೆ ಮೇಜಿನಲ್ಲಿ ಜಾಗ ಸಾಲದೆ ಮಿಕ್ಕವರು ನಿಂತಲ್ಲೇ ಕೈ ಎತ್ತಿ ತೋರಿಸಿದರು.

ಮ್ಯಾನೇಜರು ಕೇಳಿದ: "ಅಂದ್ರೆ ಇವತ್ತು ಔಷಧಿ ಹೊರಡೋದಿಲ್ಲ ಅಂತಾನಾ?"

"ಹೊರಡತ್ತೆ," ಎಂದಳು ಸಿಡಿಲಕ್ಕ. "ರೋಗಿಗಳು ಏನು ಪಾಪ ಮಾಡಿದ್ರು? ನಾವು ಹೋಗ್ತೀವಿ. ಬಲಗೈದು ಮಾತ್ರ ನಿಮ್ಮ ಹತ್ರನೇ ಇರ್ಲಿ. ಹೇಗಿದ್ರೂ ಚೀಲದಲ್ಲಿ ಭಾರ."

ಚೀಲಗಳು ಬಿಚ್ಚಿಕೊಂಡವು. ಒಬ್ಬೊಬ್ಬರೇ ಬಲಗೈ ಗವಸನ್ನು ಮೇಜಿನ ಮೇಲೆ ಹಾಕಿ ಬೈಕು ಹತ್ತಿದರು. ಮಳೆಗಾಲದ ತೇವಕ್ಕೆ ಆ ರಾಶಿಗೆ ಬೂಸ್ಟು ಹಿಡಿಯಿತು. ಎತ್ತಿಡಲು ಮ್ಯಾನೇಜರು ಎಷ್ಟು ಹೇಳಿದರೂ, ಉಗ್ರಾಣಕ್ಕೆ ಒಂಟಿ ಗವಸು ತೆಗೆದುಕೊಳ್ಳುವ ಕ್ರಮವಿಲ್ಲ ಎಂದುಬಿಟ್ಟರು ಉಗ್ರಾಣದ ಹೆಂಗಸು. ರಾಶಿ ಒಂಬತ್ತು ದಿನ ಕೂತಿತ್ತೆಂದು ಆಕೆ ಹೇಳುತ್ತಾರೆ; ಏಣಿ ಹನ್ನೆರಡು ಎನ್ನುತ್ತಾನೆ. ನಾತದ ವಿಷಯದಲ್ಲಿ ಮಾತ್ರ ಯಾರಿಗೂ ಭಿನ್ನಾಭಿಪ್ರಾಯವಿಲ್ಲ.

ಕೊನೆಗೆ ಹೊಸ ಪತ್ರ ಬಂತು. ಅಜಾಗರೂಕತೆ ಎಂಬ ಮಾತು ಹೋಗಿ, ಗವಸು ಕೆಲಸಕ್ಕೆ ತಕ್ಕುದಾಗಿರಲಿಲ್ಲ ಎಂಬ ಮಾತು ಬಂತು. ತಮ್ಮನು ಕೌಂಟರಿಗೆ ಬಂದು ಕೂತ. ಗವಸುಗಳನ್ನು ಈ ಸಲ ಸಿಡಿಲಕ್ಕ ನಿಜವಾಗಿ ಆರಿಸಿದಳು. ಬಿಸಿಲಿಗೆ ಬೆನ್ನಲ್ಲಿ ಗಾಳಿಯಾಡುವ ತೂತು, ಅಂಗೈಯಲ್ಲಿ ಗಟ್ಟಿ ತುಂಡು, ಒಳಗೆ ಪದರವೇ ಇಲ್ಲದ್ದು. ಮಳೆ ಬಂದರೆ ಅದರ ಮೇಲೆಯೇ ಎಳೆದುಕೊಳ್ಳುವ, ಅಗಲ ಬಾಯಿಯ ರೇನ್‌ಕೋಟು ಬಟ್ಟೆಯ ಚೀಲ. ಚಳಿಗೆ ಇನ್ನೊಂದು, ಪದರವನ್ನು ಬೆರಳ ತುದಿಗೆ ಹೊಲಿದದ್ದು. ಮ್ಯಾನೇಜರು ಅವನ್ನು ಹಿಡಿದು ನಗುತ್ತ ನಿಂತ ಫೋಟೊ ಗೋಡೆಗೆ ಬಂತು, ತಾನೇ ಕಂಡುಹಿಡಿದವನ ಹಾಗೆ. ಸಿಡಿಲಕ್ಕ ಆ ಗೋಡೆಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಅವಳು ನೋಡುತ್ತಿದ್ದದ್ದು ಕೌಂಟರಿನ ಕಡೆ: ತಮ್ಮನು ಎಡಗೈಯಲ್ಲಿ ಚೀಟಿ ಅಂಟಿಸುವುದನ್ನು, ಬಲಗೈ ಮುಚ್ಚಲಾರದೆ ಪೊಟ್ಟಣದ ಮೇಲೆ ಸುಮ್ಮನೆ ಬಿದ್ದಿರುವುದನ್ನು.

ತಗಡಿನ ಮಾಡಿನಡಿ ಕೂತಿದ್ದವರಲ್ಲಿ ಹೊಸಬಳೊಬ್ಬಳು ಕೇಳಿದಳು: "ಆಮೇಲಾದ್ರೂ ಅವರ ಸಿಟ್ಟು ಇಳೀತಾ ಅಕ್ಕ?"

"ಎಲ್ಲಿ ಇಳೀತು? ಅವಳು ರಿಟೈರಾಗಿ ಎರಡು ವರ್ಷ ಆಯ್ತು. ಇವತ್ತಿಗೂ ಹೊಸ ಗ್ಲೌಸು ಬಂದ್ರೆ ನಾನು ಮೊದ್ಲು ಬಕೆಟ್ಟಲ್ಲಿ ಅದ್ದಿ, ಹಾಕಿ ತೆಗೆದು ನೋಡ್ತೀನಿ. ಇಲ್ದಿದ್ರೆ ಫೋನ್ ಮಾಡಿ ಉಗೀತಾಳೆ."

ತಗಡಿನ ಮೇಲಿನ ಸದ್ದು ತೆಳ್ಳಗಾಗಿತ್ತು. ಏಣಿ ಎದ್ದು ಸೀಟು ಒರೆಸಿದ. ಮಿಕ್ಕವರೂ ಎದ್ದರು, ಎಡಗೈಗೊಂದು, ಬಲಗೈಗೊಂದು ಗವಸು ಏರಿಸಿ, ಅದರ ಮೇಲೆ ಮಳೆಚೀಲ ಎಳೆದುಕೊಂಡು, ಒಬ್ಬೊಬ್ಬರಾಗಿ ಮನೆಯ ದಾರಿ ಹಿಡಿದರು.