ಊಟದ ಮುಂಚಿನ ಮಸೂದೆ

ಭಾನುವಾರ ಬೆಳಿಗ್ಗೆ ತಂಗಿಯ ಹೊಲಿಗೆ ಅಂಗಡಿಯಲ್ಲಿ ಕುಳಿತು ಅಕ್ಕ ಅಂಗಿಗಳಿಗೆ ಗುಂಡಿ ಹಚ್ಚುತ್ತಿದ್ದಳು. ಚುನಾವಣೆ ಗೆದ್ದು ಸಂಸತ್ತಿನ ಸದಸ್ಯೆಯಾದ ಮೇಲೂ ಅವಳು ಬಿಡದೆ ಉಳಿಸಿಕೊಂಡ ಅಭ್ಯಾಸ ಇದೊಂದೇ. ರಸ್ತೆಗೆ ಬಾಗಿಲು ತೆರೆದ ಒಂದೇ ಕೋಣೆ, ಎರಡು ಹೊಲಿಗೆ ಯಂತ್ರ, ಗೋಡೆಯ ಮೊಳೆಗಳಲ್ಲಿ ಅರ್ಧ ಮುಗಿದ ಕೋಟುಗಳು. ತಂಗಿ ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡು ಒಂದು ಕೋಟಿಗೆ ತೋಳು ಜೋಡಿಸುತ್ತಿದ್ದಳು. ಫೋನ್ ಹೊಡೆದುಕೊಂಡಿತು. ಅವಳ ಕೈಗೆ ಬಿಡುವಿಲ್ಲದ್ದನ್ನು ಕಂಡು ಅಕ್ಕನೇ ಎತ್ತಿ, ಇಬ್ಬರಿಗೂ ಕೇಳುವ ಹಾಗೆ ಮೇಜಿನ ಮೇಲಿಟ್ಟಳು.

"ಪ್ರೀತಿಯ ಅಮ್ಮಾ, ನಿಮ್ಮ ಮುದ್ದು ಕಂದನಿಗೆ ಈಗ ಐದು ತಿಂಗಳು ತುಂಬಿತು! ಮೆತ್ತನೆಯ ಆಹಾರ ಶುರುಮಾಡಲು ಇದೇ ಸಕಾಲ..."

ಜೇನಿನಲ್ಲಿ ಅದ್ದಿ ತೆಗೆದಂಥ ಹೆಣ್ಣುದನಿ. ಅದರ ಹಿಂದೆ ಗಿಲಕಿಯ ಸದ್ದು, ಮಗುವಿನ ನಗು. ತಂಗಿ ಬಾಯಿಂದ ಸೂಜಿಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದಳು. ಆಮೇಲೆ ಕೈಚಾಚಿ ಫೋನ್ ಕಟ್ ಮಾಡಿದಳು. ಅವಳ ಮಗು ಏಳನೇ ತಿಂಗಳಲ್ಲಿ ಹೊಟ್ಟೆಯಲ್ಲೇ ತೀರಿಕೊಂಡಿತ್ತು.

"ಯಾವಾಗಿಂದ ಬರ್ತಿದೆ ಇದು?" ಎಂದು ಕೇಳಿದಳು ಅಕ್ಕ.

"ಅವನು ಹುಟ್ಟಬೇಕಾಗಿತ್ತಲ್ಲ, ಆ ವಾರದಿಂದ. ಮೊದಲು ಬಟ್ಟೆಯೋರು, ಆಮೇಲೆ ಹಾಲಿನ ಪುಡಿಯೋರು, ಈಗ ಇವರು. ಅವರ ಲೆಕ್ಕದಲ್ಲಿ ಅವನು ದಿನಾ ಬೆಳೀತಿದ್ದಾನೆ ಅಕ್ಕಾ."

"ನಂಬರ್ ಬದಲಾಯಿಸೇ, ಮಾರಾಯ್ತಿ!"

"ಹೊರಗೆ ಬೋರ್ಡಿನ ಮೇಲೆ ಇರೋದು ಇದೇ ನಂಬರು. ಬದಲಾಯಿಸಿದ್ರೆ ಗಿರಾಕಿಗಳನ್ನ ನೀನು ಕರ್ಕೊಂಡು ಬರ್ತೀಯಾ?" ತಂಗಿ ನಗಲು ನೋಡಿದಳು, ಆಗಲಿಲ್ಲ. "ಒಂದು ಮಾತ್ರ ನಂಗೆ ತಿಳೀತಿಲ್ಲ. ನಾನು ಬಸುರಿ ಅಂತ ಇವರಿಗೆ ಹೇಳಿದ್ದು ಯಾರು? ಮೂರು ತಿಂಗಳು ತುಂಬೋವರೆಗೆ ನಾನು ನಮ್ಮತ್ತೆಗೂ ಹೇಳಿರಲಿಲ್ಲ."

ಅಕ್ಕನಿಗೆ ಮೈಯೆಲ್ಲ ಉರಿಯಿತು. ಮರುದಿನವೇ ಆ ಕಂಪನಿಯ ವ್ಯವಸ್ಥಾಪಕನಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದಳು. ಆತ ಪೂರ್ತಿ ಬೈಸಿಕೊಂಡು, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತಾಡಿದ.

"ಮೇಡಂ, ನಾವು ಕದ್ದಿಲ್ಲ. ಆರೋಗ್ಯ ಮಾಹಿತಿ ಹಂಚಿಕೆ ಕಾಯ್ದೆ ಇದೆಯಲ್ಲ, ಅದರ ಪ್ರಕಾರ ಆಸ್ಪತ್ರೆಗಳಿಂದ ತಗೊಂಡಿರೋದು. ಎರಡು ವರ್ಷದ ಹಿಂದೆ ನೀವೇ ಮಾಡಿದ ಕಾಯ್ದೆ. ಒಬ್ಬರೂ ಬೇಡ ಅನ್ನಲಿಲ್ಲ, ನಿಜ ಹೇಳಬೇಕಂದ್ರೆ ನಮಗೇ ಆಶ್ಚರ್ಯ ಆಯ್ತು. ಬಸುರಿಯಾದ ವಿವರ ಬಂತು, ಮಗು ಹೋದದ್ದು ಬರಲಿಲ್ಲ. ತಪ್ಪಾಗಿದೆ. ನೀವು ಹೇಳಿದ ಮೇಲೆ ಮುಗೀತು ಬಿಡಿ, ನಿಮ್ಮ ತಂಗಿ ನಂಬರ್ ಈಗಲೇ ತೆಗೆಸ್ತೀನಿ. ನಮ್ಮ ಮನೆ ಹೆಣ್ಣುಮಗಳ ಹಾಗೆ."

ಅಕ್ಕ ಅವನಿಗೆ ಥ್ಯಾಂಕ್ಸ್ ಹೇಳಿ ಫೋನ್ ಇಟ್ಟಳು. ಇಟ್ಟ ಮೇಲೆ, ತಾನು ಹೇಳಿದ್ದೇನೆಂದು ನೆನೆದು ತುಟಿ ಒರೆಸಿಕೊಂಡಳು.

ಸದನದಲ್ಲಿ ಒಂದು ಪದ್ಧತಿ ಇತ್ತು. ಗಲಾಟೆಯಾಗಬಾರದ ಮಸೂದೆಗಳನ್ನು ಮಧ್ಯಾಹ್ನದ ಬಿಡುವಿಗೆ ತುಸು ಮುಂಚೆ ಎತ್ತಿಕೊಳ್ಳುವುದು. ಅವಕ್ಕೆ ಊಟದ ಮುಂಚಿನ ಮಸೂದೆಗಳು ಎಂದೇ ಹೆಸರು. ಅಷ್ಟು ಹೊತ್ತಿಗೆ ಕೆಳಗಿನ ಕ್ಯಾಂಟೀನಿನಿಂದ ಹುರಿದ ಈರುಳ್ಳಿಯ ವಾಸನೆ ಮೆಟ್ಟಿಲು ಹತ್ತಿ ಸಭಾಂಗಣದೊಳಗೆ ಬಂದಿರುತ್ತಿತ್ತು. ಸಭಾಧ್ಯಕ್ಷರು "ಪರವಾಗಿರುವವರು ಹೌದು ಎನ್ನಿ" ಎಂದರೆ ಸಾಕು, ಇಡೀ ಸಭೆ ಒಟ್ಟಿಗೆ "ಹೌದು" ಎಂದು ಕೂಗಿ, ಅದೇ ಉಸಿರಿನಲ್ಲಿ ಕುರ್ಚಿಗಳನ್ನು ಹಿಂದಕ್ಕೆ ತಳ್ಳುತ್ತಿತ್ತು. ಎಮ್ಮೆ ಕೂಡ ಕಲಗಚ್ಚಿಗೆ ಬಾಯಿ ಹಾಕುವ ಮುಂಚೆ ಒಮ್ಮೆ ಮೂಸಿ ನೋಡುತ್ತದೆ. ಇವರಿಗೆ ಆ ವ್ಯವಧಾನವೂ ಇರಲಿಲ್ಲ. ಎರಡು ವರ್ಷದ ಹಿಂದೆ ಆರೋಗ್ಯ ಮಾಹಿತಿ ಕಾಯ್ದೆಗೂ ಹೀಗೇ ಹೌದು ಎಂದಿದ್ದರು, ಆ ಕೂಗಿನಲ್ಲಿ ಅಕ್ಕನ ದನಿಯೂ ಸೇರಿತ್ತು. ತಡವಾದರೆ ಹುರಿದ ಮೀನು ಖಾಲಿಯಾಗುತ್ತದೆ ಎಂಬ ಆತುರ ಬಿಟ್ಟರೆ ಆ ದಿನದ ಬೇರೇನೂ ಅವಳ ನೆನಪಿನಲ್ಲಿ ಉಳಿದಿರಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು, ಆ ಬೇಲಿಯ ಗೂಟಗಳಲ್ಲಿ ಅವಳೂ ಒಂದು.

ಸಂಜೆ ಅಂಗಡಿಗೆ ಹೋಗಿ ಎಲ್ಲವನ್ನೂ ಮುಚ್ಚಿಡದೆ ಹೇಳಿದಳು. "ನಿನಗೆ ಇನ್ನು ಬರಲ್ಲ, ನಾನು ನಿಲ್ಲಿಸಿದ್ದೀನಿ," ಎಂದು ಸೇರಿಸಿದಳು.

ತಂಗಿ ಯಂತ್ರ ತುಳಿಯುತ್ತಲೇ ಹೇಳಿದಳು. "ಆಸ್ಪತ್ರೆಯಲ್ಲಿ ನನ್ನ ಪಕ್ಕದ ಹಾಸಿಗೇಲಿ ಒಬ್ಬಳಿದ್ದಳು. ಬಸ್ ನಿಲ್ದಾಣದಲ್ಲಿ ಕಸ ಗುಡಿಸ್ತಾಳೆ. ಅವಳದ್ದೂ ನನ್ನ ಹಾಗೇ ಆಯ್ತು. ಅವಳಿಗೂ ಈ ಫೋನ್ ಬರುತ್ತೆ, ಮೊನ್ನೆ ಸಿಕ್ಕಾಗ ಹೇಳ್ತಿದ್ದಳು." ಹಲ್ಲಿನಿಂದ ದಾರ ಕತ್ತರಿಸಿದಳು. "ಅವಳಿಗೆ ಪಾರ್ಲಿಮೆಂಟಲ್ಲಿ ಅಕ್ಕ ಇಲ್ಲ, ಅಷ್ಟೇ."

ಬೈದಿದ್ದರೆ ಅಕ್ಕ ಸಹಿಸಿಕೊಳ್ಳುತ್ತಿದ್ದಳು. ಈ ಮಾತು ಮಾತ್ರ ಮುಳ್ಳಿನ ಹಾಗೆ ಒಳಗೇ ಮುರಿದು ಉಳಿಯಿತು.

ಅದೇ ವಾರ ಕಾಯ್ದೆಯನ್ನು ಶಾಲೆಗಳಿಗೂ ವಿಸ್ತರಿಸುವ ಮಸೂದೆಯ ಪ್ರತಿ ಎಲ್ಲ ಸದಸ್ಯರ ಕೈಸೇರಿತು. ಅಕ್ಕ ಅದನ್ನು ಮನೆಗೆ ಒಯ್ದು ಮೊದಲ ಪುಟದಿಂದ ಓದಿದಳು. ಮಕ್ಕಳ ಅಂಕ, ತೂಕ, ತೊದಲು, ಸಿಕ್ಕ ಶಿಕ್ಷೆ, ತಂದೆ ತಾಯಿ ಬೇರೆಯಾದ ಸಂಗತಿ, ಎಲ್ಲವನ್ನೂ ಶಾಲೆಯವರು "ಸಂಶೋಧಕರು ಹಾಗೂ ಇತರ ಆಸಕ್ತರಿಗೆ" ಕೊಡಬಹುದಂತೆ. ಅವಳು ಪಕ್ಷದ ಸಚೇತಕರನ್ನು ಹುಡುಕಿಕೊಂಡು ಕ್ಯಾಂಟೀನಿಗೆ ಹೋದಳು. ಯಾರು ಯಾವಾಗ ಹೌದು ಅನ್ನಬೇಕು ಎಂದು ಸದಸ್ಯರಿಗೆ ಹೇಳುವ ಹಿರಿಯ ಅವರು. ಎಲ್ಲರೂ ದೊಡ್ಡಪ್ಪ ಎಂದೇ ಕರೆಯುತ್ತಿದ್ದರು. ಮೊಣಕೈ ಊರಿ ಕೋಳಿಯ ಮೂಳೆ ಚೀಪುತ್ತಿದ್ದರು.

"ಮಗಳೇ, ನಿನ್ನ ತಂಗಿಗೆ ಆಗಿದ್ದು ದೊಡ್ಡ ನೋವು, ಇಲ್ಲ ಅನ್ನಲ್ಲ," ಎಂದರು ಕೇಳಿಸಿಕೊಂಡು. "ಆದ್ರೆ ಇನ್ನೊಂದು ಕಡೆನೂ ನೋಡು. ಹೋದ ವರ್ಷ ಮಕ್ಕಳ ಜ್ವರ ಯಾವ ಬೀದಿಯಿಂದ ಹಬ್ತಿದೆ ಅಂತ ಗೊತ್ತಾಗಿದ್ದು ಹೇಗೆ? ಎಲ್ಲ ಆಸ್ಪತ್ರೆ ಮಾಹಿತಿ ಒಂದೇ ಕಡೆ ಇದ್ದಿದ್ದಕ್ಕೆ. ನನ್ನ ಮೊಮ್ಮಗಳು ಉಳಿದಿದ್ದೇ ಅದರಿಂದ. ಅದೂ ಬೇಡ ಅಂತೀಯಾ?"

"ಡಾಕ್ಟರಿಗೆ ಕೊಡಬೇಡಿ ಅಂದೋರು ಯಾರು ದೊಡ್ಡಪ್ಪ? ಪುಡಿ ಮಾರೋರಿಗೆ ಯಾಕೆ? ಈ ಇತರ ಆಸಕ್ತರು ಅಂದ್ರೆ ಯಾರು? ನೀವು ಓದಿದ್ದೀರಾ ಇದನ್ನ?"

"ಓದೋಕೆ ಸಮಿತಿ ಇದೆಯಲ್ಲ."

"ಸಮಿತಿ ಅಧ್ಯಕ್ಷರು ನೀವೇ."

ದೊಡ್ಡಪ್ಪ ಹೊಟ್ಟೆ ಕುಲುಕಿಸಿ ನಕ್ಕರು. "ಸಮಿತಿ ಓದೋದು ಸಾರಾಂಶ, ಮಗಳೇ. ಅಷ್ಟು ದಪ್ಪದ್ದನ್ನ ಯಾರು ಓದ್ತಾರೆ?"

"ಸಾರಾಂಶ ಬರೆದದ್ದು?"

"ಈ ಮಾಹಿತಿ ತಗೊಳ್ಳೋ ಕಂಪನಿಯೋರೇ ಬರೆದುಕೊಟ್ರು. ಪಾಪ, ಚೆನ್ನಾಗೇ ಬರೆದಿದ್ರು." ಎಣ್ಣೆ ಬೆರಳಿನಿಂದ ತಟ್ಟೆಯನ್ನು ಅವಳ ಕಡೆ ಸರಿಸಿದರು. "ತಗೋ, ಒಂದು ತುಂಡು ತಿನ್ನು. ಹಸಿದ ಹೊಟ್ಟೇಲಿ ಸಿಟ್ಟು ಜಾಸ್ತಿ."

ಅಕ್ಕ ತಟ್ಟೆಯನ್ನು ಹಿಂದಕ್ಕೆ ಸರಿಸಿದಳು. ಆ ಬೆರಳು, ಆ ನಗು, ಸುತ್ತ ತೇಗುತ್ತಿದ್ದ ಮೇಜುಗಳು, ಎಲ್ಲದರ ಮೇಲೂ ಹೇಸಿಗೆಯಾಯಿತು. ಇದೇ ಮೇಜುಗಳಲ್ಲಿ ಇಷ್ಟು ದಿನ ತಾನೂ ಬಾಯಿ ಚಪ್ಪರಿಸಿದ್ದಳು. ಅದು ಇನ್ನೂ ಹೆಚ್ಚಿನ ಹೇಸಿಗೆ.

ಮಸೂದೆ ಎಂದಿನ ಹೊತ್ತಿಗೇ ಬಂತು, ಈರುಳ್ಳಿ ವಾಸನೆಯೂ ಬಂತು. ಸಭಾಧ್ಯಕ್ಷರು ಬಾಯಿ ತೆರೆಯುವ ಮುನ್ನ ಅಕ್ಕ ಎದ್ದು ನಿಂತಳು. "ಹೆಸರು ಕೂಗಿ ಮತ ತೆಗೆದುಕೊಳ್ಳಬೇಕು ಅಧ್ಯಕ್ಷರೇ."

ಒಬ್ಬ ಸದಸ್ಯ ಕೇಳಿದರೂ ಹಾಗೆ ಮಾಡಬೇಕೆಂದು ನಿಯಮದಲ್ಲೇ ಇತ್ತು. ಊಟದ ಹೊತ್ತಿನಲ್ಲಿ ಅದನ್ನು ಕೇಳುವಷ್ಟು ಬುದ್ಧಿಗೆಟ್ಟವರು ಮಾತ್ರ ಈವರೆಗೆ ಇರಲಿಲ್ಲ. ಅರ್ಧ ಎದ್ದಿದ್ದವರು ಹಾಗೇ ನಿಂತರು. "ಸಾರು ಆರಿಹೋಗುತ್ತಮ್ಮಾ!" ಎಂದು ಹಿಂದಿನಿಂದ ಯಾರೋ ಕೂಗಿ ನಗಿಸಿದರು. ಸಭಾಧ್ಯಕ್ಷರು ಕನ್ನಡಕ ತೆಗೆದು ಅವಳನ್ನು ನೋಡಿ, ನಿಟ್ಟುಸಿರಿಟ್ಟು, ಮತ ಮುಗಿಯುವ ತನಕ ಯಾರೂ ಹೊರಹೋಗದಂತೆ ಬಾಗಿಲು ಹಾಕಿಸಿದರು. ಯಾರು ಹೌದೆಂದರು, ಯಾರು ಇಲ್ಲವೆಂದರು ಎಂಬುದು ನಾಳೆಯ ಪತ್ರಿಕೆಗಳಲ್ಲಿ ಹೆಸರು ಸಮೇತ ಬರುತ್ತದೆ ಎಂದು ನೆನಪಿಸಿದರು.

ನಗು ನಿಂತಿತು. ಆಮೇಲೆ, ಆ ಸಭೆಯಲ್ಲಿ ಅಪರೂಪದ ಒಂದು ಸದ್ದು ಕೇಳಿಸಿತು, ಹಾಳೆ ಮಗುಚುವ ಸದ್ದು.

"ಏನ್ರೀ ಇದು, ಯಾವ ಪುಟ?"

"ಈ ಇತರ ಆಸಕ್ತರು ಯಾರಂತೆ?"

ಸಚಿವರು ಅಧಿಕಾರಿಗಳ ಕಡೆ ನೋಡಿದರು, ಅಧಿಕಾರಿಗಳು ತಮ್ಮ ಕಾಗದಗಳ ಕಡೆ. ಕೊನೆಗೆ ಒಬ್ಬರು ಮಸೂದೆಯನ್ನು ಹಳೆಯ ಕಾಯ್ದೆಯ ಸಮೇತ ಮತ್ತೆ ಸಮಿತಿಗೆ ಕಳಿಸಿ ಎಂದರು, ಅಕ್ಕನನ್ನೂ ಆ ಸಮಿತಿಗೆ ಹಾಕಿ ಎಂದು ಇನ್ನೊಬ್ಬರು ಸೇರಿಸಿದರು. ಬದುಕಿದೆಯಾ ಬಡಜೀವವೇ ಎಂದು ಎಲ್ಲರೂ ಒಪ್ಪಿದರು. ಅವರ ಮನಸ್ಸು ಕರಗಿತ್ತೆಂದು ಯಾರೂ ತಿಳಿಯಬೇಕಿಲ್ಲ. ಹೆಸರಿನ ಭಯ ಅದು. ಭಯದಿಂದಲಾದರೂ ಓದಿದರಲ್ಲ.

"ಊಟ ಕೆಡಿಸಿದೆ ಕಣೇ," ಎಂದರು ದೊಡ್ಡಪ್ಪ ಹಾದುಹೋಗುತ್ತಾ. ಈ ಸಲ ನಗಲಿಲ್ಲ, ಮಗಳೇ ಎಂದೂ ಅನ್ನಲಿಲ್ಲ.

ಸಂಜೆ ಅಕ್ಕ ಅಂಗಡಿಯ ಮೆಟ್ಟಿಲು ಹತ್ತುವಾಗಲೇ ಮೇಜಿನ ಮೇಲೆ ಫೋನ್ ಹೊಡೆದುಕೊಳ್ಳುತ್ತಿತ್ತು. ತಂಗಿ ಗಟ್ಟಿಯಾಗಿ ಕೇಳುವ ಹಾಗೆ ಅದನ್ನು ಒತ್ತಿದಳು, ಅದೇ ಜೇನಿನ ದನಿ.

"ಪ್ರೀತಿಯ ಅಮ್ಮಾ, ನಿಮ್ಮ ಕಂದನಿಗೆ ಮೊದಲ ಹಲ್ಲು ಮೂಡುವ ಸಂಭ್ರಮ..."

ಅಕ್ಕ ಅಲ್ಲೇ ನಿಂತಳು. ತೆಗೆಸಿದ್ದ ನಂಬರನ್ನು ಆ ವ್ಯವಸ್ಥಾಪಕ ಸೇಡಿಗೆ ಮತ್ತೆ ಸೇರಿಸಿದ್ದ. ಸದನ ಮುಗಿದು ಇನ್ನೂ ಕತ್ತಲೂ ಆಗಿರಲಿಲ್ಲ. "ಥೂ, ನಾಚಿಕೆಗೆಟ್ಟವನೇ!" ಎಂದು ಫೋನಿಗೆ ಕೈ ಹಾಕಿದಳು.

ತಂಗಿ ಅವಳ ಕೈ ಹಿಡಿದು ತಡೆದಳು. ಗಿಲಕಿಯ ಸದ್ದು ಮುಗಿಯುವವರೆಗೆ ಪೂರ್ತಿ ಕೇಳಿಸಿಕೊಂಡಳು. ಕಣ್ಣು ತುಂಬಿ ಹರಿದರೂ ಒರೆಸಿಕೊಳ್ಳಲಿಲ್ಲ.

"ನನ್ನಿಂದ ಆಯ್ತಲ್ಲೇ ಇದು," ಎಂದಳು ಅಕ್ಕ. "ನಾಳೆ ಅವನಿಗೆ ಫೋನ್ ಮಾಡಿ..."

"ಮಾಡ್ಬೇಡ. ಎಲ್ಲರಿಗೂ ನಿಂತ ದಿನ ನನಗೂ ನಿಲ್ಲಲಿ." ತಂಗಿ ಮತ್ತೆ ಯಂತ್ರದ ಮುಂದೆ ಕುಳಿತು ದಾರ ಪೋಣಿಸತೊಡಗಿದಳು. ಎರಡು ಸಲ ತಪ್ಪಿತು, ಆಮೇಲೆ ಸರಿಹೋಯಿತು. "ಸಮಿತಿ ಯಾವಾಗ?"

"ನಾಳೆಯಿಂದಲೇ."

"ಹಾಗಾದ್ರೆ ಬೆಳಿಗ್ಗೆ ಇಲ್ಲಿಗೆ ಬಂದು ಹೋಗು, ಊಟ ಡಬ್ಬಿಗೆ ಹಾಕಿಕೊಡ್ತೀನಿ. ಹಸಿವಾಯ್ತು ಅಂತ ಯಾವುದಕ್ಕೂ ಹೂಂ ಅನ್ಬೇಡ."