ಕೊನೆಯ ಲಾರಿಯ ಚಾಕ್‌ಪೀಸ್ ಮೇಷ್ಟ್ರು

ಮೋಟಾರ್ ಸೈಕಲ್ಲಿನ ಅಡಿಯಲ್ಲಿ ಸಿಕ್ಕಿಕೊಂಡ ಮನುಷ್ಯನನ್ನು ಕಂಡರೆ ಜನ ಒಂದೋ ಓಡಿಬಂದು ಎತ್ತುತ್ತಾರೆ, ಇಲ್ಲವೇ ನಿಂತಲ್ಲೇ ನಗುತ್ತಾರೆ. ನಾನು ಹಾಗೆ ಸಿಕ್ಕಿಕೊಂಡಾಗ ಬಂದ ಹಿರಿಯರೊಬ್ಬರು ಎರಡನ್ನೂ ಮಾಡಲಿಲ್ಲ. ಉದ್ದನೆಯ ಬೂದುಬಣ್ಣದ ಕೋಟಿನ ಅಂಚು ಹಾರಿಸಿಕೊಂಡು ಓಡಿಬಂದವರು ನನ್ನ ಪಕ್ಕದಲ್ಲಿ ಮಂಡಿಯೂರಿ, ಮೊದಲು ನನ್ನ ಮುಖ ನೋಡಿ, ಆಮೇಲೆ ಇನ್ನೂ ಗುಟುರು ಹಾಕುತ್ತಲೇ ಇದ್ದ ಎಂಜಿನ್ನಿನ ಕಡೆ ಕಿವಿ ಬಾಗಿಸಿ, ಉಸಿರು ಬಿಗಿಹಿಡಿದು ಆಲಿಸತೊಡಗಿದರು. ನಾನು ಒಮ್ಮೆ ನರಳಿದೆ. ಸುಮ್ಮನಿರಿ ಎಂದು ಬೆರಳೆತ್ತಿ ಸನ್ನೆ ಮಾಡಿದರು.

ನಡೆದದ್ದಿಷ್ಟು. ನನ್ನ ಮಾವನವರು ತೀರಿಹೋಗುವಾಗ ಮಗಳಿಗೆ ಮನೆಯನ್ನೂ ನನಗೆ ಈ ಗಾಡಿಯನ್ನೂ ಬಿಟ್ಟುಹೋಗಿದ್ದರು. ಯಾರ ಪ್ರಾಣದ ಮೇಲೆ ಅವರಿಗೆಷ್ಟು ಮಮತೆಯಿತ್ತೆಂಬುದು ಆ ಹಂಚಿಕೆಯಿಂದಲೇ ಸ್ಪಷ್ಟ. ಅದನ್ನು ಹಳೆಯ ಮೋಟಾರ್ ಸೈಕಲ್ಲುಗಳ ದೂರದೋಟಕ್ಕೆ ತಂದಿದ್ದೆ. ಓಟದ ಹಿಂದಿನ ಸಂಜೆ, ಮುಚ್ಚಿಹೋದ ನೂಲಿನ ಗಿರಣಿಯೊಂದರ ಅಂಗಳದಲ್ಲಿ, ನಲವತ್ತು ಸವಾರರ ಕಣ್ಣೆದುರು, ಎಂಜಿನ್ ಆರಿಸುವಷ್ಟೂ ವ್ಯವಧಾನವಿಲ್ಲದೆ, ಒಂಟಿಗಾಲಿನಲ್ಲಿ ಠೀವಿಯಿಂದ ಸ್ಟ್ಯಾಂಡು ಹಾಕಲು ಹೋದೆ. ಗಾಡಿ ಒಂದು ಕ್ಷಣ ಯೋಚಿಸಿತು. ಆಮೇಲೆ ನನ್ನನ್ನೂ ಕರೆದುಕೊಂಡು ಖಾಲಿ ಎಣ್ಣೆ ಡ್ರಮ್ಮುಗಳ ಸಾಲಿನ ಮೇಲೆ ಒರಗಿತು. ಆ ಸದ್ದಿಗೆ ಗಿರಣಿಯ ಮಾಡಿನ ಪಾರಿವಾಳಗಳೆಲ್ಲ ಎದ್ದು ಹಾರಿದವು.

ಅವರು ಸಾವಧಾನವಾಗಿ ಗಾಡಿಯನ್ನು ಎತ್ತಿ ನಿಲ್ಲಿಸಿದರು. ಕೋಟಿನ ಎಡಜೇಬಿನಿಂದ ಚಾಕ್‌ಪೀಸು ತೆಗೆದು ಪೆಟ್ರೋಲ್ ಟ್ಯಾಂಕಿನ ಮೇಲೆ ದೊಡ್ಡದೊಂದು ಕಾಟು ಹೊಡೆದರು. ಕಾಟು ಬಿದ್ದ ಗಾಡಿ ಓಟಕ್ಕಿಲ್ಲ, ಅದೇ ಅಲ್ಲಿಯ ಶಾಸನ.

"ನಿಮಗೇನೂ ಪೆಟ್ಟಾಗಿಲ್ಲ ಅಂತ ಅಂದ್ಕೊಳ್ಳೋಣ," ಎಂದರು. "ನಾಳೆ ನಮ್ಮ ಲಾರೀಲಿ ಬನ್ನಿ."

ಅವರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಜೀವಮಾನದಲ್ಲಿ ಒಂದು ದಿನವೂ ಪಾಠ ಹೇಳಿದವರಲ್ಲ. ಕಾರ್ಖಾನೆಯೊಂದರಲ್ಲಿ ಮೂವತ್ತಾರು ವರ್ಷ ಲೇತ್ ಯಂತ್ರದ ಮುಂದೆ ನಿಂತು ನಿವೃತ್ತರಾದವರು. ಜೇಬಿನ ಚಾಕ್‌ಪೀಸು ತಂದುಕೊಟ್ಟ ಪದವಿ ಅದು. ಎಣ್ಣೆ ಚೆಲ್ಲಿದ ನೆಲದ ಮೇಲೆ ನಡೆಯುವವರಂತೆ, ಪ್ರತಿ ಹೆಜ್ಜೆಯನ್ನೂ ಊರಿ ಪರೀಕ್ಷಿಸಿ, ಆಮೇಲೆ ಅದರ ಮೇಲೆ ಭಾರ ಹಾಕುತ್ತಿದ್ದರು. ಕುರ್ಚಿಯಲ್ಲಿ ಕೂರುವ ಮುನ್ನ ಅದರ ನಾಲ್ಕು ಕಾಲನ್ನೂ ಅಲ್ಲಾಡಿಸಿ ನೋಡುತ್ತಿದ್ದರು. ಕೂತ ಮೇಲೂ ಪೂರ್ತಿ ಕೂರುತ್ತಿರಲಿಲ್ಲ. ಚಹಾದ ಲೋಟವನ್ನು ಬೆಳಕಿಗೆ ಹಿಡಿದು ಬಿರುಕು ಹುಡುಕುತ್ತಿದ್ದರು. ಒಂದು ವಸ್ತು 'ಸರಿ ಇದೆ' ಎಂದು ಅವರ ಬಾಯಿಂದ ಕೇಳಿದವರಿಲ್ಲ. 'ಸರಿ ಇದೆ ಅಂತ ಅಂದ್ಕೊಳ್ಳೋಣ' ಎಂಬುದೇ ಅವರು ನೀಡುತ್ತಿದ್ದ ಪರಮೋಚ್ಚ ಪ್ರಶಸ್ತಿ. ಮಕ್ಕಳೆಷ್ಟು ಎಂದು ಯಾರೋ ಕೇಳಿದ್ದಕ್ಕೆ "ಒಬ್ಬಳು ಮಗಳು ಅಂತ ಅಂದ್ಕೊಳ್ಳೋಣ" ಎಂದಿದ್ದರಂತೆ. ಇದು ಲಾರಿ ಓಡಿಸುವವನು ಹುಟ್ಟಿಸಿದ ಕಥೆಯೂ ಇರಬಹುದು.

ಆದರೆ ಆ ನಲವತ್ತು ಸವಾರರು ಸಿಳ್ಳೆ ಹಾಕಿಕೊಂಡು ಹೊರಡುತ್ತಿದ್ದದ್ದು ಈ ಹೆದರುಪುಕ್ಕಲರ ಧೈರ್ಯದ ಮೇಲೆಯೇ. ಐವತ್ತು ವರ್ಷ ದಾಟಿದ ಗಾಡಿಗಳಿಗೆ ಮಾತ್ರ ಅಲ್ಲಿ ಪ್ರವೇಶ. ಸವಾರರಿಗೆ ಅಂಥ ನಿಯಮವಿಲ್ಲದಿದ್ದರೂ ಅವರೂ ಹೆಚ್ಚುಕಡಿಮೆ ಅದೇ ಪ್ರಾಯದವರು. ಮೊದಲು ಮುಟ್ಟಿದವನಿಗೆ ಬಹುಮಾನವಿಲ್ಲ; ಬೆಟ್ಟ ಹತ್ತಿ, ಇಳಿದು, ಮುನ್ನೂರು ಕಿಲೋಮೀಟರ್ ಆಚೆಯ ಬಂದರನ್ನು ಸಂಜೆಯೊಳಗೆ ಎಲ್ಲರೂ ಮುಟ್ಟಿದರೆ ಅದೇ ಗೆಲುವು. ಅದಕ್ಕಾಗಿ ಮೂರು ಕಟ್ಟುಪಾಡುಗಳು. ತಪಾಸಣೆಯಾದ ಗಾಡಿಗಳನ್ನು ಹಗ್ಗದ ಬೇಲಿಯೊಳಗೆ ನಿಲ್ಲಿಸಿದ ಮೇಲೆ ಬೆಳಗಿನವರೆಗೆ ಯಾರೂ ಕೈ ಹಚ್ಚುವಂತಿಲ್ಲ. ಸ್ವಂತದವರ ಗಾಡಿಯನ್ನು ಯಾರೂ ತಪಾಸಣೆ ಮಾಡುವಂತಿಲ್ಲ. ಕೆಟ್ಟು ನಿಂತವರನ್ನು ಎತ್ತಿಕೊಂಡು ಬರುವ ಲಾರಿ, ಏನೇ ಆಗಲಿ, ಕೊನೆಯ ಸವಾರನನ್ನು ಹಿಂದೆ ಹಾಕುವಂತಿಲ್ಲ. ಮೂರನ್ನೂ ಬರೆದವರು ಮೇಷ್ಟ್ರೇ.

ಹತ್ತೊಂಬತ್ತನೆಯ ನಂಬರಿನ ಗಾಡಿ ಅವರ ಮಗಳದು. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವಾಕೆ. ಮಾತಿನಲ್ಲಿ ಚುರುಕು, ನಡೆಯಲ್ಲಿ ಬಿರುಸು. ಬೆಳಿಗ್ಗೆ ಆರೂವರೆಗೆ ಹೊರಡುವಾಗ ನನ್ನನ್ನು ಲಾರಿಯಲ್ಲಿ ನೋಡಿ, "ಏನ್ ಸಾರ್, ಸ್ಟ್ಯಾಂಡ್ ಹಾಕೋಕೆ ಕಲಿತ್ರಾ?" ಎಂದು ನಗುತ್ತ ಹೋದಳು. ತಂದೆ ಕೈಬೀಸಲಿಲ್ಲ. "ನಿಧಾನ," ಎಂದರು, ಅವಳಿಗೆ ಕೇಳದಷ್ಟು ಮೆಲ್ಲಗೆ.

ಲಾರಿ ಕೊನೆಗೆ ಹೊರಟಿತು. ಚಾಲಕ, ನಡುವೆ ನಾನು, ಕಿಟಕಿಯ ಬಳಿ ಮೇಷ್ಟ್ರು. ನಮ್ಮ ಮುಂದೆ ಆ ದಿನದ ಕೊನೆಯ ಸವಾರರಾದ ಹಲ್ಲಿನ ಡಾಕ್ಟರು, ತಮಗಿಂತ ಹಿರಿಯದಾದ ಗಾಡಿಯ ಮೇಲೆ, ಗಂಟೆಗೆ ಮೂವತ್ತು ಕಿಲೋಮೀಟರ್ ವೇಗದಲ್ಲಿ ಸ್ವರ್ಗಾರೋಹಣ ನಡೆಸಿದ್ದರು. ಮೊದಲ ಐದು ಗಂಟೆ ನಾನೇ ಮಾತಾಡಿದೆ. ನನ್ನ ಬೀಳುವಿಕೆಯ ಕಥೆಯನ್ನು ಮೂರನೆಯ ಬಾರಿ ಹೇಳುತ್ತಿದ್ದಾಗ ಮೇಷ್ಟ್ರು ಏನನ್ನೋ ಹುಡುಕಲು ಕೋಟಿನ ಬಲಜೇಬಿಗೆ ಕೈಹಾಕಿದರು. ಕೈ ಒಳಗೇ ನಿಂತಿತು.

ನಿಧಾನವಾಗಿ ಹೊರಬಂದ ಅಂಗೈ ಮೇಲೆ ಒಂದು ತಂತಿಯ ಪಿನ್ನು. ಉಗುರಿನಷ್ಟು ಉದ್ದ, ಎರಡು ಕಾಲು, ಒಂದು ತಲೆ.

"ಏನಿದು?" ಎಂದೆ.

ಅವರು ಪಿನ್ನನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ಆಮೇಲೆ ಹೇಳಿದ ಮಾತುಗಳನ್ನು ನಾನು ಜೋಡಿಸಿಕೊಂಡದ್ದು ಹೀಗೆ. ಮಗಳ ಗಾಡಿಯನ್ನು ತಪಾಸಣೆ ಮಾಡಿದ್ದು ಬೇರೊಬ್ಬ, ಒಳ್ಳೆಯ ಕೆಲಸಗಾರ. ಆದರೂ ಮೇಷ್ಟ್ರಿಗೆ ಸಮಾಧಾನವಿಲ್ಲ. ಸಂಜೆ ಯಾರೂ ನೋಡದಾಗ, ತಾವೇ ಕಟ್ಟಿದ ಹಗ್ಗವನ್ನು ತಾವೇ ದಾಟಿ, ಮುಂದಿನ ಚಕ್ರದ ನಟ್ಟನ್ನು ಇನ್ನೊಮ್ಮೆ ಬಿಗಿ ಮಾಡಲು ಕುಳಿತರು. ನಟ್ಟು ತಾನಾಗಿ ತಿರುಗದಂತೆ ತಡೆಯುವ ಈ ಪಿನ್ನನ್ನು ತೆಗೆದರು. ಸ್ಪ್ಯಾನರು ಇಟ್ಟು, ಹೊಸದಾಗಿ ಬಿಗಿಯಲೆಂದು ಮೊದಲು ಸಡಿಲಿಸಿದರು. ಅಷ್ಟರಲ್ಲಿ ಡ್ರಮ್ಮುಗಳ ಸದ್ದು. ಯಾರೋ ಗಾಡಿಯಡಿ ಸಿಕ್ಕಿದ್ದಾರೆಂದು ಎದ್ದು ಓಡಿದರು.

ಆ 'ಯಾರೋ' ಈಗ ಅವರ ಪಕ್ಕದಲ್ಲಿ ಕುಳಿತು ಬೆವರತೊಡಗಿದ. ಹಾಸ್ಯ ಬರೆದು ಹೊಟ್ಟೆ ಹೊರೆಯುವ ನಾನು, ಮೂರನೆಯ ಬಾರಿ ಹೇಳುತ್ತಿದ್ದ ಕಥೆಯನ್ನು ಅಲ್ಲಿಗೇ ಬಿಟ್ಟೆ.

"ಆಮೇಲೆ ಹೋಗಿ ಬಿಗಿ ಮಾಡಿರ್ತೀರಿ, ಬಿಡಿ ಮೇಷ್ಟ್ರೇ," ಎಂದ ಚಾಲಕ.

"ಮಾಡಿದ್ರೆ ಪಿನ್ನು ಅಲ್ಲಿರ್ತಿತ್ತು. ಇಲ್ಲಿದೆ."

ಮಗಳಿಗೆ ಫೋನು ಮಾಡಿದೆವು. ಗಾಡಿ ಓಡಿಸುವವಳು ಎತ್ತುವುದುಂಟೇ? ಬೆಟ್ಟದ ತುದಿಯ ನಿಲುಗಡೆಗೆ ಮಾಡಿದೆವು. ನಿನ್ನೆಯವರೆಗೆ ಜೀವಮಾನದಲ್ಲಿ ನಿಯಮ ಮುರಿಯದ ಮನುಷ್ಯ, "ತಪ್ಪು ನನ್ನದು, ಹತ್ತೊಂಬತ್ತನ್ನ ನಿಲ್ಸಿ," ಎಂದು ಫೋನಿನಲ್ಲಿ ಕೂಗಿದರು. ಆ ಕಡೆಯಿಂದ ಬಂದ ಉತ್ತರ ನನಗೂ ಕೇಳಿಸಿತು: ಹತ್ತು ನಿಮಿಷದ ಹಿಂದೆ ಇಳಿಯಲು ಶುರುಮಾಡಿದ್ದಾಳೆ. ಇಳಿಜಾರಿನಲ್ಲಿ ಇಪ್ಪತ್ತೆರಡು ತಿರುವು. ಬುಡ ಮುಟ್ಟುವವರೆಗೆ ಸಿಗ್ನಲ್ಲಿಲ್ಲ. ತಿರುವಿಗೆ ಬ್ರೇಕು ಹಿಡಿದಷ್ಟೂ ನಟ್ಟು ಸಡಿಲವಾಗುತ್ತದೆಂದು ನನಗೆ ಯಾರೂ ವಿವರಿಸಬೇಕಾಗಿರಲಿಲ್ಲ; ಮೇಷ್ಟ್ರ ಬೆರಳುಗಳು ಮಂಡಿಯ ಮೇಲೆ, ತಮಗೇ ಗೊತ್ತಿಲ್ಲದಂತೆ, ನಟ್ಟು ಸಡಿಲಿಸುವ ಹಾಗೆ ಎಡಕ್ಕೆ ತಿರುಗುತ್ತಿದ್ದವು.

ಸರಿಯಾಗಿ ಆಗಲೇ ಹಲ್ಲಿನ ಡಾಕ್ಟರು ರಸ್ತೆಯಂಚಿಗೆ ಗಾಡಿ ನಿಲ್ಲಿಸಿ ಬಿಸ್ಕತ್ತಿನ ಪೊಟ್ಟಣ ಬಿಚ್ಚಿದರು.

"ಎಂಜಿನ್ನಿಗೆ ಸ್ವಲ್ಪ ಮಂಪರು ಬರ್ಲಿ. ಹದಿನೈದೇ ನಿಮಿಷ. ತಗೊಳ್ಳಿ, ಮೇಷ್ಟ್ರೇ," ಎಂದರು ನಗುನಗುತ್ತ.

"ಹಾರನ್ ಹೊಡೆದು ಮುಂದೆ ಹೋಗ್ಲಾ?" ಚಾಲಕ ಪಿಸುಗುಟ್ಟಿದ.

ಮೇಷ್ಟ್ರು ಲಾರಿಯಿಂದ ಇಳಿದರು. ಆ ಗಾಡಿಗೊಂದು ಕಾಟು ಬಿದ್ದರೆ ಸಾಕು. ಅದನ್ನು ಲಾರಿಗೇರಿಸಿ, ಡಾಕ್ಟರನ್ನು ನನ್ನ ತೊಡೆಯ ಮೇಲಾದರೂ ಕೂರಿಸಿಕೊಂಡು ನಾವು ಹಾರಬಹುದಿತ್ತು. ಅವರು ಗಾಡಿಯ ಸುತ್ತ ಬಂದರು. ಎಡಜೇಬಿನಿಂದ ಚಾಕ್‌ಪೀಸು ತೆಗೆದರು. ಕೈ ಟ್ಯಾಂಕಿನವರೆಗೆ ಹೋಯಿತು. ಹಾಕಿಬಿಡಿ, ಹಾಕಿಬಿಡಿ ಎಂದು ಒಳಗೊಳಗೇ ಕೂಗುತ್ತಿದ್ದೆ. ಅವರು ಬಗ್ಗಿ ಎಂಜಿನ್ನಿನ ಮೇಲೆ ಅಂಗೈಯಿಟ್ಟು, ಚಾಕ್‌ಪೀಸನ್ನು ಮತ್ತೆ ಜೇಬಿಗೆ ಹಾಕಿಕೊಂಡು ಬಂದರು.

"ಅದಕ್ಕೇನೂ ಆಗಿಲ್ಲ," ಎಂದರು ಬಾಗಿಲು ಎಳೆದುಕೊಳ್ಳುತ್ತ. "ಎಪ್ಪತ್ತೆರಡು ವರ್ಷದ ಮನುಷ್ಯ. ಇಳಿಜಾರಲ್ಲಿ ಒಬ್ಬರನ್ನೇ ಬಿಟ್ಟು ಹೋಗೋದು ಹೇಗೆ?"

ಆ ಹದಿನೈದು ನಿಮಿಷವನ್ನು ನಾನು ಈಗಲೂ ಪೂರ್ತಿ ಕಳೆದಿಲ್ಲ. ಡಾಕ್ಟರು ಬಿಸ್ಕತ್ತನ್ನು ಒಂದೊಂದಾಗಿ, ಹಲ್ಲಿನ ಮೇಲೆ ಗೌರವವುಳ್ಳವರಂತೆ ಅಗಿಯುತ್ತಿದ್ದರು. ಮೇಷ್ಟ್ರು ಪಿನ್ನನ್ನು ಮುಷ್ಟಿಯಲ್ಲಿ ಹಿಡಿದು ರಸ್ತೆಯ ಕಡೆಗೇ ನೋಡುತ್ತಿದ್ದರು.

ಕೊನೆಗೂ ಬೆಟ್ಟದ ತುದಿ ದಾಟಿ ಇಳಿಯತೊಡಗಿದೆವು. ಪ್ರತಿ ತಿರುವಿನಲ್ಲೂ ಅವರು ಕಿಟಕಿಯಿಂದ ಅರ್ಧ ಮೈ ಹೊರಚಾಚಿ ತಡೆಗೋಡೆಯ ಆಚೆ, ಕೆಳಗೆ, ಪೊದೆಗಳ ನಡುವೆ ಏನಾದರೂ ಹೊಳೆಯುತ್ತಿದೆಯೇ ಎಂದು ನೋಡುವರು. ನಾನು ಅವರ ಕೋಟು ಹಿಡಿದುಕೊಂಡಿದ್ದೆ. ಅವರು ಬೀಳದಿರಲೆಂದೋ, ನನಗೇ ಏನಾದರೂ ಹಿಡಿದುಕೊಳ್ಳಲು ಬೇಕಾಗಿತ್ತೋ ಹೇಳಲಾರೆ. ಹದಿನಾಲ್ಕನೆಯ ತಿರುವಿನಲ್ಲಿ ತಡೆಗೋಡೆಯ ಮೂಲೆ ಮುರಿದಿತ್ತು. ಹಸಿ ಮುರಿತ. ರಸ್ತೆಯ ಮೇಲೆ ಗಾಜಿನ ಚೂರು, ಕಪ್ಪಗೆ ಚೆಲ್ಲಿದ ಎಣ್ಣೆ. ಚಾಲಕ ಹೇಳದೆಯೇ ಲಾರಿ ನಿಲ್ಲಿಸಿದ.

ಮೇಷ್ಟ್ರು ಇಳಿದು, ಆ ಅಳೆದ ಹೆಜ್ಜೆಯನ್ನು ಆಗಲೂ ಬಿಡದೆ ನಡೆದು ಹೋಗಿ, ಎಣ್ಣೆಗೆ ಬೆರಳದ್ದಿ ಮೂಸಿದರು. ಕೆಳಗೆ ನೋಡಲಿಲ್ಲ. ಅಷ್ಟೂ ತಿರುವುಗಳಲ್ಲಿ ಕೆಳಗೇ ನೋಡುತ್ತ ಬಂದವರು ಇಲ್ಲಿ ಮಾತ್ರ ನೋಡಲಿಲ್ಲ. ನಾನು ಹೋಗಿ ನೋಡಿದೆ. ಕಲ್ಲು, ಮುಳ್ಳುಗಂಟಿ, ಒಂದು ಹಳೆಯ ಟಯರು, ಅಷ್ಟೇ.

"ಅವಳ ಎಂಜಿನ್ನಿಗೆ ಹಾಕಿರೋದು ಹರಳೆಣ್ಣೆ," ಎಂದರು ಬೆರಳನ್ನು ಮತ್ತೆ ಮತ್ತೆ ಮೂಸುತ್ತ. "ಇದು ಬಸ್ಸಿಂದು. ಬಸ್ಸಿಂದು ಅಂತ ಅಂದ್ಕೊಳ್ಳೋಣ."

ಬೆಟ್ಟದ ಬುಡದ ನಿಲುಗಡೆಯಲ್ಲಿ ವಿಚಾರಿಸಿದರೆ, ಅಲ್ಲಿದ್ದಾತ ಊಟಕ್ಕೆ ಹೋಗಿ ಬಂದಿದ್ದ. ಹತ್ತೊಂಬತ್ತು ದಾಟಿತೋ ಇಲ್ಲವೋ ಅವನ ಹಾಳೆಯಲ್ಲಿ ಗುರುತಿರಲಿಲ್ಲ. ಮಗಳ ಫೋನು, ಬಂದರಿನ ಗೋದಾಮಿನ ಫೋನು ಎರಡೂ ರಿಂಗಾಗುತ್ತಿದ್ದವು, ಯಾರೂ ಎತ್ತುತ್ತಿರಲಿಲ್ಲ. ಆಮೇಲಿನ ತೊಂಬತ್ತು ಕಿಲೋಮೀಟರ್ ಮೇಷ್ಟ್ರು ಎದುರಾದ ಪ್ರತಿ ಗಾಡಿಯ ಮುಂದಿನ ಚಕ್ರವನ್ನೇ ನೋಡುತ್ತಿದ್ದರು. ಡಾಕ್ಟರು ಮಾತ್ರ ಮುಂದೆ ಹಾಡಿಕೊಂಡು ಹೋಗುತ್ತಿದ್ದರು.

ಸಂಜೆ ಐದಕ್ಕೆ ಬಂದರಿನ ಗೋದಾಮು ಕಂಡಿತು. ಸಾಲಾಗಿ ನಿಂತ ಗಾಡಿಗಳು. ಆ ಸಾಲಿನಲ್ಲಿ ಹತ್ತೊಂಬತ್ತು. ಅದರ ಪಕ್ಕದ ಮೆಟ್ಟಿಲ ಮೇಲೆ ಬಾಳೆಹಣ್ಣು ಸುಲಿಯುತ್ತ ಕುಳಿತ ಮಗಳು. ಮೇಷ್ಟ್ರು ಮಗಳ ಕಡೆ ಹೋಗಲಿಲ್ಲ. ನೇರವಾಗಿ ಮುಂದಿನ ಚಕ್ರದ ಬಳಿ ಹೋಗಿ ಕುಕ್ಕರುಗಾಲಿನಲ್ಲಿ ಕುಳಿತರು. ಪಿನ್ನು ಇರಬೇಕಾದ ತೂತಿನಲ್ಲಿ ಬೆಳ್ಳಗಿನದೇನೋ ತಂತಿ, ಎರಡು ಕಡೆಗೂ ನೀಟಾಗಿ ಮಡಚಿತ್ತು.

"ಎಕ್ಸ್‌ರೇ ಲಕೋಟೆಗೆ ಸಿಕ್ಕಿಸೋ ಕ್ಲಿಪ್ಪು," ಎಂದಳು ಮಗಳು. "ಬ್ಯಾಗಲ್ಲಿತ್ತು. ನೆಟ್ಟಗೆ ಮಾಡಿ ಹಾಕಿದೆ."

"ಯಾವಾಗ?"

"ಬೆಳಿಗ್ಗೆ, ಹೊರಡೋ ಮುಂಚೆ. ಚಕ್ರದ ಮೇಲೆಲ್ಲ ಚಾಕ್‌ಪೀಸಿನ ಬಿಳೀ ಬೆರಳ ಗುರುತು. ಹಗ್ಗ ದಾಟಿ ಬಂದಿದ್ದೀಯ ಅಂತ ಗೊತ್ತಾಯ್ತು. ನೀನು ಮುಟ್ಟಿದ್ದನ್ನ ನಾನು ಇನ್ನೊಂದ್ಸಲ ನೋಡದೆ ಬಿಡ್ತೀನಾ, ಅಪ್ಪಾ? ಹೇಳಿದ್ರೆ ಎಲ್ಲರೆದುರು ನಿನ್ನ ಮಾನ ಹೋಗುತ್ತೆ ಅಂತ ಸುಮ್ಮನಿದ್ದೆ."

"ನಟ್ಟು?"

ಅವಳು ಹಣ್ಣು ಸುಲಿಯುವುದನ್ನು ನಿಲ್ಲಿಸಿದಳು. "ಕೈಯಲ್ಲೇ ತಿರುಗ್ತು. ಎರಡು ಸುತ್ತು."

ಮೇಷ್ಟ್ರು ಅಲ್ಲೇ, ನೆಲವನ್ನು ಪರೀಕ್ಷಿಸದೆ, ಪೂರ್ತಿ ಭಾರ ಬಿಟ್ಟು ಕುಳಿತರು. ಅವರು ಹಾಗೆ ಕುಳಿತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅವಳು ಅರ್ಧ ಬಾಳೆಹಣ್ಣು ಮುರಿದು ಅವರ ಕೈಗಿಟ್ಟಳು. ಅವರು ಅದನ್ನೂ ಒಮ್ಮೆ ತಿರುಗಿಸಿ ನೋಡಿಯೇ ತಿಂದರು.

ಧೈರ್ಯಶಾಲಿಗಳ ಬಗ್ಗೆ ಬರೆದವರು ಬಹಳ ಮಂದಿ. ನಾನೂ ಸಮಯ ಸಿಕ್ಕಾಗ ಅವರನ್ನು ಹೊಗಳಿದ್ದೇನೆ. ಆದರೆ ಒಬ್ಬ ಸಿಳ್ಳೆ ಹಾಕುತ್ತ ಹೊರಡಬೇಕಾದರೆ ಅವನ ಪಾಲಿನ ಭಯವನ್ನು ಇನ್ನೊಬ್ಬ ಎಲ್ಲೋ ಹೊತ್ತುಕೊಂಡಿರಲೇಬೇಕೆಂಬುದು ನನಗೆ ತಿಳಿದದ್ದು ಆ ಲಾರಿಯಲ್ಲಿ. ಇಂಥವರು ಗುಂಪಿನ ಚಿತ್ರ ತೆಗೆಯುವಾಗ ಕಾಣಿಸುವುದಿಲ್ಲ. ಹಿಂದೆ ಎಲ್ಲೋ ಒಂದು ಬೋಲ್ಟು ನೋಡುತ್ತಿರುತ್ತಾರೆ. ಅವರ ಭಯ ಕೆಲವೊಮ್ಮೆ ತಾನೇ ಅಪಾಯವಾಗುವುದೂ ಉಂಟು, ನಟ್ಟು ಸಡಿಲಿಸಿದ ಕೈ ಅದರದೇ. ಆದರೂ ಆ ಭಯ ಎಂದೂ ಸ್ವಂತಕ್ಕಲ್ಲ. ನಲವತ್ತು ಜನರಿಗೆ ಹಂಚಿ ಉಳಿದರೆ ಮಾತ್ರ ತಮಗೆ.

ಇಂಥ ಗಂಭೀರ ವಿಚಾರ ನನ್ನ ತಲೆಯಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಮೇಷ್ಟ್ರು ಕ್ಲಿಪ್ಪು ತೆಗೆದು, ದಿನವಿಡೀ ಮುಷ್ಟಿಯಲ್ಲಿದ್ದ ಪಿನ್ನನ್ನು ಅದರ ಜಾಗಕ್ಕೆ ಹಾಕಿ ಮಡಚುತ್ತಿದ್ದಾಗ ಹತ್ತಿರ ಹೋಗಿ ಕೇಳಿದೆ:

"ಅಲ್ಲ ಮೇಷ್ಟ್ರೇ, ಚಾಕ್‌ಪೀಸು ಜೇಬಲ್ಲೇ ಇತ್ತು. ನನ್ನ ಗಾಡಿಗೆ ಹೊಡೆದ ಹಾಗೆ ಮಗಳ ಗಾಡಿಗೂ ನಿನ್ನೆಯೇ ಒಂದು ಕಾಟು ಹೊಡೆದುಬಿಟ್ಟಿದ್ರೆ ಈ ಸಂಕಟವೇ ಇರ್ತಿರ್ಲಿಲ್ಲ, ಅಲ್ವಾ?"

ಅವರು ತಲೆಯೆತ್ತಲಿಲ್ಲ. ಪಿನ್ನಿನ ಎರಡನೆಯ ಕಾಲನ್ನೂ ಮಡಚಿ ಮುಗಿಸಿ, ಕೋಟಿಗೆ ಕೈ ಒರೆಸಿಕೊಂಡರು.

"ಅವಳಿಗೆ ಓಡಿಸೋಕೆ ಬರುತ್ತೆ," ಎಂದರು.